ವಿಕ್ಟೋರಿಯಾ ಕ್ರಾಸ್ ಸಿಕ್ಕ ಮೇಲೂ ಡೆರಿಕ್ ಮತ್ತೆ ಯಾಕೆ ಯುದ್ಧಕ್ಕೆ ಹೋದ?

ಪ್ರಶ್ನೆ: ನನ್ನ ಮಗಳು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ಪೋರ್ಟ್ ಅಡಿಲೇಡ್‌ನಲ್ಲಿ 'ಟಾಮ್ ಡೈವರ್ ಡೆರಿಕ್ ಸೇತುವೆ' ಅಂತ ಬೋರ್ಡ್ ನೋಡಿದೆ. ಯಾರಪ್ಪಾ ಇದು ಅಂತ ಕೇಳಿದರೆ ಮಗಳಿಗೂ ಗೊತ್ತಿರಲಿಲ್ಲ. ಆಮೇಲೆ ಅಲ್ಲಿ ಇಲ್ಲಿ ಓದಿದೆ. ಎರಡನೇ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವನಂತೆ, ಯುದ್ಧ ಮುಗಿಯಲು ಮೂರು ತಿಂಗಳೂ ಇಲ್ಲದಾಗ ಸತ್ತನಂತೆ. ಅಷ್ಟು ದೊಡ್ಡ ಪದಕ ಬಂದವನನ್ನು ಸೈನ್ಯ ಮತ್ತೆ ಯಾಕೆ ಕಳಿಸಿತು? ಮತ್ತೆ ಅವನು ಸತ್ತ ಆ ಕಾಳಗ ನಿಜವಾಗಿ ಬೇಕಿತ್ತಾ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯಲ್ಲಿ ಒಂದು ತಿದ್ದುಪಡಿ ಬೇಕು. ಸೈನ್ಯ ಅವನನ್ನು ಕಳಿಸಲಿಲ್ಲ, ಅವನೇ ಹೋದ. ಹಟ ಹಿಡಿದು, ನಿಯಮ ಸಡಿಲಿಸಿಕೊಂಡು ಹೋದ. ಯಾಕೆ ಅಂತ ಅರ್ಥವಾಗಬೇಕಾದರೆ ಅವನು ಎಲ್ಲಿಂದ ಬಂದವನು ಅಂತ ಸ್ವಲ್ಪ ನೋಡಬೇಕು. ಎರಡನೇ ಪ್ರಶ್ನೆಗೆ ಕೊನೆಯಲ್ಲಿ ಬರ್ತೀನಿ, ಅದು ಕಷ್ಟದ ಪ್ರಶ್ನೆ.

ಪೂರ್ತಿ ಹೆಸರು ಥಾಮಸ್ ಕರಿ ಡೆರಿಕ್. ಹುಟ್ಟಿದ್ದು 1914ರ ಮಾರ್ಚ್ 20, ಅಡಿಲೇಡ್‌ನ ಮೆಡಿಂಡಿ ಬಡಾವಣೆಯಲ್ಲಿ. ಅಪ್ಪ ಐರ್ಲೆಂಡಿನಿಂದ ಬಂದ ಕೂಲಿಕಾರ. ಮನೆಯಲ್ಲಿ ಬಡತನ ಎಷ್ಟಿತ್ತೆಂದರೆ ಹುಡುಗ ಶಾಲೆಗೆ ಬರಿಗಾಲಲ್ಲಿ ಹೋಗುತ್ತಿದ್ದ. ಹದಿನಾಲ್ಕಕ್ಕೆ ಶಾಲೆ ಬಿಟ್ಟ, ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ. ಕ್ರಿಕೆಟ್, ಫುಟ್‌ಬಾಲ್, ಬಾಕ್ಸಿಂಗ್, ಜೂಜು, ಎಲ್ಲದರಲ್ಲೂ ಮುಂದೆ. ಪೋರ್ಟ್ ನದಿಗೆ ಧುಮುಕುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಅದಕ್ಕೇ 'ಡೈವರ್' ಅನ್ನುವ ಅಡ್ಡಹೆಸರು ಬಂತು, ಸಾಯುವವರೆಗೂ ಜೊತೆಗಿತ್ತು. ನೀವು ನೋಡಿದ ಸೇತುವೆ ಅದೇ ನದಿಯ ಮೇಲಿದೆ.

ಆಮೇಲೆ ಬಂತು 1930ರ ಆಸುಪಾಸಿನ ದೊಡ್ಡ ಆರ್ಥಿಕ ಕುಸಿತ. ಕೆಲಸ ಎಲ್ಲೂ ಇಲ್ಲ. ಡೆರಿಕ್ ಸೈಕಲ್ ರಿಪೇರಿ ಮಾಡಿದ, ಪೇಪರ್ ಮಾರಿದ. 1931ರಲ್ಲಿ ಗೆಳೆಯರ ಜೊತೆ ಸೈಕಲ್ ಹತ್ತಿ ಸುಮಾರು 225 ಕಿಲೋಮೀಟರ್ ದೂರದ ಬೆರಿ ಅನ್ನುವ ಊರಿಗೆ ಹೊರಟ. ಮರ್ರಿ ನದಿ ದಂಡೆಯಲ್ಲಿ ಟೆಂಟ್ ಹಾಕಿಕೊಂಡು ತಿಂಗಳುಗಟ್ಟಲೆ ಕೆಲಸ ಹುಡುಕಿದರು. ಕೊನೆಗೆ ವಿಂಕಿ ಅನ್ನುವ ಹಳ್ಳಿಯ ದ್ರಾಕ್ಷಿ ತೋಟದಲ್ಲಿ ಕೆಲಸ ಸಿಕ್ಕಿತು. ಸುಮಾರು ಒಂಬತ್ತು ವರ್ಷ ಅಲ್ಲೇ ದುಡಿದ. ಟೆಂಟಿನಲ್ಲಿ ಹಂಚಿಕೊಂಡು ತಿಂದು, ಜೊತೆಯವನು ಉಂಡನಾ ಇಲ್ವಾ ಅಂತ ನೋಡಿಕೊಂಡು ಬದುಕಿದ ಆ ದಿನಗಳನ್ನು ಮರೆತು ಡೆರಿಕ್‌ನ ಯುದ್ಧದ ಕಥೆ ಹೇಳಿದರೆ ಅದು ಅರ್ಧ ಕಥೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

1939ರ ಜೂನ್ 24ರಂದು ಬೆರಿಲ್ ಅನ್ನುವವಳನ್ನು ಮದುವೆಯಾದ. ಅವಳಿಗಾಗಿ ಕ್ಯಾಥೊಲಿಕ್ ಆದ. ಎರಡು ತಿಂಗಳು ದಾಟುತ್ತಿದ್ದಂತೆ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಡೆರಿಕ್ ತಕ್ಷಣ ಸೇರಲಿಲ್ಲ, ಹೊಸ ಸಂಸಾರ. ಫ್ರಾನ್ಸ್ ಬಿದ್ದ ಸುದ್ದಿ ಬಂದ ಮೇಲೆ, 1940ರ ಜುಲೈ 5ರಂದು ಸೇರಿದ. ಅವನಿಗೆ ಸಿಕ್ಕಿದ್ದು 2/48ನೇ ಬೆಟಾಲಿಯನ್. ಈ '2/' ಏನು ಅಂತ ತುಂಬಾ ಜನ ಕೇಳುತ್ತಾರೆ. ಮೊದಲನೇ ಮಹಾಯುದ್ಧದಲ್ಲೂ 48ನೇ ಬೆಟಾಲಿಯನ್ ಒಂದಿತ್ತು. ಎರಡನೇ ಯುದ್ಧಕ್ಕೆ ಹೊಸದಾಗಿ ಕಟ್ಟಿದ ಪಡೆ ಅಂತ ಗುರುತಿಸಲು ಮುಂದೆ 2 ಸೇರಿಸಿದರು, ಅಷ್ಟೇ.

ಶಿಸ್ತಿನ ಮಟ್ಟಿಗೆ ಹೇಳುವುದಾದರೆ ಅವನು ಅಧಿಕಾರಿಗಳಿಗೆ ತಲೆನೋವು. ಹೊಡೆದಾಟ, ಹೇಳದೆ ಕೇಳದೆ ಹೊರಗೆ ಹೋಗುವುದು, ದಂಡ, ಇದೆಲ್ಲ ನಡೆದೇ ಇತ್ತು. ಇನ್ನೊಂದು ಕಡೆ ಇದೇ ಮನುಷ್ಯ ಚಿಟ್ಟೆ ಸಂಗ್ರಹಿಸುತ್ತಿದ್ದ, ಪದ್ಯ ಬರೆಯುತ್ತಿದ್ದ, ದಿನಚರಿ ಇಡುತ್ತಿದ್ದ, ಬೆರಿಲ್‌ಗೆ ತಪ್ಪದೆ ಕಾಗದ ಹಾಕುತ್ತಿದ್ದ. ಶಾಲೆ ಮುಗಿಸದ ದ್ರಾಕ್ಷಿ ತೋಟದ ಆಳು, ಬಾಕ್ಸಿಂಗ್ ಆಡುವ ಕೈ, ಆ ಕೈಯಲ್ಲಿ ಚಿಟ್ಟೆ. ನನಗೆ ಅವನ ಬಗ್ಗೆ ಪ್ರೀತಿ ಹುಟ್ಟಿದ್ದು ಈ ವಿವರ ಓದಿದಾಗಲೇ.

ಅವನ ಮೊದಲ ಯುದ್ಧಭೂಮಿ ಲಿಬಿಯಾದ ತೊಬ್ರುಕ್. 1941ರ ಏಪ್ರಿಲ್‌ನಿಂದ ಜರ್ಮನ್ ಮತ್ತು ಇಟಲಿ ಪಡೆಗಳು ಆ ಬಂದರನ್ನು ಸುತ್ತುವರಿದಿದ್ದವು. ಹಿಂದೆ ಸಮುದ್ರ, ಮುಂದೆ ಮರಳುಗಾಡು, ಮಧ್ಯೆ ಆಸ್ಟ್ರೇಲಿಯಾದವರು, ಬ್ರಿಟಿಷರು, ಜೊತೆಗೆ ನಮ್ಮ ಭಾರತದ 18ನೇ ಕ್ಯಾವಲ್ರಿ ಕೂಡ. ಏಪ್ರಿಲ್ ಕೊನೆಯ ದಿನ ಶುರುವಾದ ದೊಡ್ಡ ದಾಳಿಯ ಸಮಯದಲ್ಲಿ ಡೆರಿಕ್ ತೋರಿದ ಧೈರ್ಯಕ್ಕೆ ಮಿಲಿಟರಿ ಮೆಡಲ್ ಕೊಡಬೇಕು ಅಂತ ಶಿಫಾರಸಾಯಿತು. ಆದರೆ ಬರಲಿಲ್ಲ. ಕಾರ್ಪೊರಲ್ ಬಡ್ತಿ ಮಾತ್ರ ಬಂತು.

ಮೊದಲ ಪದಕ ಬಂದದ್ದು ಮುಂದಿನ ವರ್ಷ ಈಜಿಪ್ಟಿನಲ್ಲಿ. 1942ರ ಜುಲೈ 10, ಎಲ್ ಅಲಮೈನ್ ಹತ್ತಿರದ ತೆಲ್ ಎಲ್ ಐಸಾ ಅನ್ನುವ ದಿಬ್ಬ. ಡೆರಿಕ್ ಮುಂದೆ ನುಗ್ಗಿ ಮೂರು ಮೆಷಿನ್ ಗನ್ ನೆಲೆಗಳನ್ನು ಮುರಿದ, ನೂರಕ್ಕೂ ಹೆಚ್ಚು ಜನ ಸೆರೆ ಸಿಕ್ಕರು. ಶತ್ರುಗಳು ಟ್ಯಾಂಕ್ ತಂದು ತಿರುಗಿ ಬಿದ್ದಾಗ ಅಂಟುಬಾಂಬ್ ಹಿಡಿದು ಎರಡು ಟ್ಯಾಂಕ್ ನಾಶ ಮಾಡಿದ. ಈ ಅಂಟುಬಾಂಬ್ ಅಂದರೆ ಮೈಗೆ ಗೋಂದು ಬಳಿದ ಗುಂಡನೆಯ ಬಾಂಬು. ದೂರದಿಂದ ಎಸೆದರೆ ಅಷ್ಟು ಪ್ರಯೋಜನವಿಲ್ಲ, ಓಡುವ ಟ್ಯಾಂಕಿನ ಪಕ್ಕಕ್ಕೇ ಹೋಗಿ ಅಂಟಿಸಬೇಕು. ಎಷ್ಟು ಹತ್ತಿರ ಹೋಗಿರಬೇಕು ಅಂತ ಯೋಚಿಸಿ. ಇದಕ್ಕೆ ಡಿಸ್ಟಿಂಗ್ವಿಶ್ಡ್ ಕಾಂಡಕ್ಟ್ ಮೆಡಲ್ ಬಂತು. ಆಗ ಅಧಿಕಾರಿಯಲ್ಲದ ಸೈನಿಕನಿಗೆ ವಿಕ್ಟೋರಿಯಾ ಕ್ರಾಸ್ ಬಿಟ್ಟರೆ ಅದೇ ದೊಡ್ಡದು. ಸಾರ್ಜೆಂಟ್ ಕೂಡ ಆದ.

ಅಕ್ಟೋಬರ್‌ನ ದೊಡ್ಡ ಎಲ್ ಅಲಮೈನ್ ಕಾಳಗದಲ್ಲೂ ಅವನಿದ್ದ. ಇಲ್ಲಿ ಅವನ ಸಾಹಸಕ್ಕಿಂತ ಬೆಟಾಲಿಯನ್ ಕಥೆ ಹೇಳುವುದೇ ಮುಖ್ಯ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ. ಒಂದು ಬೆಟಾಲಿಯನ್ ಅಂದರೆ ಎಂಟುನೂರು ಒಂಬೈನೂರು ಜನ ಅಂತಿಟ್ಟುಕೊಳ್ಳಿ. ಅಕ್ಟೋಬರ್ ಕೊನೆಯ ರಾತ್ರಿಯ ದಾಳಿ ಮುಗಿದಾಗ 2/48ರಲ್ಲಿ ನಿಂತು ಹೋರಾಡುವ ಸ್ಥಿತಿಯಲ್ಲಿ ಐವತ್ತು ಜನವೂ ಇರಲಿಲ್ಲ. ಜುಲೈಯಿಂದ ಅಕ್ಟೋಬರ್ ಒಳಗೆ ಆ ಒಂದೇ ಬೆಟಾಲಿಯನ್ನಿನ ಮೂವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಸ್ಟ್ಯಾನ್ ಗರ್ನಿ, ಪರ್ಸಿ ಗ್ರ್ಯಾಟ್‌ವಿಕ್, ಬಿಲ್ ಕಿಬ್ಬಿ. ಮೂವರೂ ಆ ಕಾಳಗಗಳಲ್ಲೇ ಸತ್ತರು. ಮೂವರ ಪದಕವೂ ಮನೆಯವರ ಕೈಗೆ ಹೋಯಿತು.

ಅಲ್ಲಿಂದ ಆಸ್ಟ್ರೇಲಿಯಾಕ್ಕೆ ವಾಪಸ್. ಮರಳುಗಾಡಿನ ಯುದ್ಧ ಕಲಿತವರಿಗೆ ಈಗ ಕಾಡಿನ ಯುದ್ಧದ ತರಬೇತಿ. ಜಪಾನಿಯರು ನ್ಯೂಗಿನಿಯಲ್ಲಿ ಕೂತಿದ್ದರು. 1943ರ ಸೆಪ್ಟೆಂಬರ್‌ನಲ್ಲಿ 2/48ರವರು ಅಲ್ಲಿನ ಲೇ ಪಟ್ಟಣದ ಹತ್ತಿರ ಇಳಿದರು, ಮುಂದೆ ಫಿನ್ಶಾಫೆನ್, ಅದರ ಮೇಲಿನ ಸ್ಯಾಟಲ್‌ಬರ್ಗ್ ಗುಡ್ಡ. ಸುಮಾರು 1000 ಮೀಟರ್ ಎತ್ತರ, ಮೇಲೆ ಹಿಂದೆ ಜರ್ಮನ್ ಪಾದ್ರಿಗಳು ಕಟ್ಟಿದ್ದ ಮಿಷನ್. ಗುಡ್ಡದ ತುಂಬಾ ದಟ್ಟ ಕಾಡು, ಬಿದಿರು, ಮಳೆ, ಕೆಸರು. ಜಪಾನಿಯರು ಮೇಲಿನಿಂದ ಕೆಳಗಿನದೆಲ್ಲ ನೋಡಬಹುದಿತ್ತು. ನಮ್ಮ ಪಶ್ಚಿಮ ಘಟ್ಟದಲ್ಲಿ ಜಿಗಣೆ ಕಾಲಕ್ಕೆ ಜಾರುವ ಕಡಿದಾದ ಬದಿ ಹತ್ತಿದವರಿಗೆ ಅದರ ಕಷ್ಟ ಸ್ವಲ್ಪ ಅಂದಾಜಾಗಬಹುದು. ಅದರ ಮೇಲೆ ಮೆಷಿನ್ ಗನ್ ಇಟ್ಟುಕೊಂಡು ಯಾರೋ ಕೂತಿದ್ದಾರೆ ಅಂತ ಸೇರಿಸಿಕೊಳ್ಳಿ.

1943ರ ನವೆಂಬರ್ 24ರ ಮಧ್ಯಾಹ್ನ. ಸಾರ್ಜೆಂಟ್ ಆಗಿದ್ದರೂ ಡೆರಿಕ್ ಅವತ್ತು ತನ್ನ ಪ್ಲಟೂನನ್ನು, ಅಂದರೆ ಸುಮಾರು ಮೂವತ್ತು ಜನರ ಗುಂಪನ್ನು, ತಾನೇ ನಡೆಸುತ್ತಿದ್ದ. ಅವನ ಕಂಪನಿ, ಅಂದರೆ ಇಂಥ ಕೆಲವು ಪ್ಲಟೂನ್ ಸೇರಿದ ಪಡೆ, ಗುಡ್ಡದ ಕಡಿದಾದ ಬದಿಯಿಂದ ಹತ್ತಲು ಎರಡು ಗಂಟೆಗೂ ಹೆಚ್ಚು ಹೊತ್ತು ಪ್ರಯತ್ನಿಸಿತು. ಪ್ರತಿಸಲವೂ ಮೇಲಿನಿಂದ ಗುಂಡು, ಗ್ರೆನೇಡ್. ಕತ್ತಲಾಗುತ್ತಾ ಬಂತು, ಇನ್ನು ಆಗುವುದಿಲ್ಲ, ಹಿಂದೆ ಬನ್ನಿ ಅಂತ ಆದೇಶ ಬಂತು. ಡೆರಿಕ್ ಫೋನಿನಲ್ಲಿ ತನ್ನ ಕಂಪನಿ ಅಧಿಕಾರಿಗೆ ಹೇಳಿದ್ದು ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ಬಾಯಿಂದ ಬಾಯಿಗೆ ಹೋಗುತ್ತದೆ. ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್‌ನ ಬಗ್ಗೆ ಒಂದು ಬೈಗುಳ, ಆಮೇಲೆ ಇನ್ನು ಇಪ್ಪತ್ತು ನಿಮಿಷ ಕೊಡಿ, ಈ ಜಾಗ ನಮ್ಮದಾಗುತ್ತದೆ, ನಾನು ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಹೊರಗೆ ಬರಲಾಗುತ್ತಿಲ್ಲ ಅಂತ ಅವರಿಗೆ ಹೇಳಿ.

ಆಮೇಲೆ ನಡೆದದ್ದು ಪದಕದ ಅಧಿಕೃತ ಬರಹದಲ್ಲೇ ಇದೆ. ಪ್ಲಟೂನಿನ ಮೊದಲ ತುಕಡಿಯನ್ನು ತಡೆದಿದ್ದ ಒಂದು ನೆಲೆಯನ್ನು ಅವನೊಬ್ಬನೇ ಮುಂದೆ ಹೋಗಿ ಗ್ರೆನೇಡ್ ಹಾಕಿ ಮುಗಿಸಿದ. ಎರಡನೇ ತುಕಡಿಯನ್ನು ಬಲಗಡೆಯಿಂದ ಕಳಿಸಿದ. ಅದರ ಮೇಲೆ ಆರು ನೆಲೆಗಳಿಂದ ಗುಂಡು ಸುರಿಯಿತು. ಡೆರಿಕ್ ತನ್ನವರಿಗಿಂತ ಬಹಳ ಮುಂದೆ ಹೋಗಿ, ಬಂಡೆ ಬೇರು ಸಿಕ್ಕಿದ್ದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗ್ರೆನೇಡ್ ಮೇಲೆ ಗ್ರೆನೇಡ್ ಎಸೆದ, ಅಲ್ಲಿದ್ದವರು ಆಯುಧ ಬಿಟ್ಟು ಓಡಿದರು. ಅಷ್ಟಕ್ಕೆ ನಿಲ್ಲಲಿಲ್ಲ. ವಾಪಸ್ ಬಂದು ಉಳಿದವರನ್ನು ಕರೆದುಕೊಂಡು ಬಾಕಿ ಮೂರು ನೆಲೆಗಳ ಕಡೆ ಹೋದ. ನಾಲ್ಕು ಸಲ ಮುಂದೆ ಓಡಿ ಆರೇಳು ಮೀಟರ್ ದೂರದಿಂದ ಗ್ರೆನೇಡ್ ಹಾಕಿದ. ಒಟ್ಟು ಹತ್ತು ನೆಲೆ. ಆ ರಾತ್ರಿ ಜಪಾನಿಯರು ಗುಡ್ಡದ ತುದಿಯನ್ನು ಬಿಟ್ಟು ಹೊರಟರು. ಬೆಳಗ್ಗೆ ಮೇಲೆ ಬಾವುಟ ಹಾರಿಸುವವನು ಡೆರಿಕ್ಕೇ ಆಗಬೇಕು ಅಂತ ಬ್ರಿಗೇಡಿಯರ್ ವೈಟ್‌ಹೆಡ್ ಪಟ್ಟು ಹಿಡಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಬರಹವನ್ನು ಸುಮ್ನೆ ಓದಿದರೆ ಒಬ್ಬ ಒಂಟಿ ವೀರನ ಕಥೆಯ ಹಾಗೆ ಕಾಣುತ್ತದೆ. ಬಿಡಿಸಿ ನೋಡಿದರೆ ಅವನು ಮುಂದೆ ಹೋಗಿ ವಾಪಸ್ ಬರುತ್ತಾನೆ, ಮತ್ತೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಯಾವ ತುಕಡಿ ಎಲ್ಲಿ ಸಿಕ್ಕಿಬಿದ್ದಿದೆಯೋ ಅಲ್ಲಿಗೆ. ತನ್ನವರು ಗುಂಡಿನ ಕೆಳಗೆ ಬೀಳುವ ಮೊದಲು ತಾನು ಅಲ್ಲಿರಬೇಕು ಅನ್ನುವುದೇ ಅವನ ಲೆಕ್ಕ. ಗಲಾಟೆ ಎದ್ದ ಕೂಡಲೇ ತನ್ನ ಹುಡುಗರು ಹೇಗಿದ್ದಾರೆ ಅಂತ ನೋಡುವ ಅಭ್ಯಾಸ. ಇದನ್ನು ನೆನಪಿಟ್ಟುಕೊಳ್ಳಿ.

1944ರ ಮಾರ್ಚ್ 23ರಂದು ವಿಕ್ಟೋರಿಯಾ ಕ್ರಾಸ್ ಪ್ರಕಟವಾಯಿತು. ನಮ್ಮ ಪರಮವೀರ ಚಕ್ರಕ್ಕೆ ಸಮಾನವಾದ ಪದಕ. 2/48ರ ನಾಲ್ಕನೆಯದು, ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಬೇರೆ ಯಾವ ಪಡೆಗೂ ಅಷ್ಟು ಬಂದಿಲ್ಲ. ನಾಲ್ವರಲ್ಲಿ ಪದಕ ಬಂದಾಗ ಬದುಕಿದ್ದವನು ಡೆರಿಕ್ ಒಬ್ಬನೇ.

ಈಗ ನಿಮ್ಮ ಪ್ರಶ್ನೆ. ಅದೇ ವರ್ಷ ಆಗಸ್ಟ್‌ನಲ್ಲಿ ಅವನನ್ನು ಅಧಿಕಾರಿ ತರಬೇತಿಗೆ ಕಳಿಸಿದರು. ವಿಕ್ಟೋರಿಯಾ ರಾಜ್ಯದ ಸೀಮೋರ್‌ನಲ್ಲಿ. ಅವನ ಜೊತೆ ಅದೇ ತಂಡದಲ್ಲಿ ರೆಜ್ ಸಾಂಡರ್ಸ್ ಇದ್ದ, ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಸೈನ್ಯದ ಅಧಿಕಾರಿಯಾದ ಮೊದಲಿಗ. ಬರಿಗಾಲಲ್ಲಿ ಶಾಲೆಗೆ ಹೋದವನು ಮತ್ತು ತನ್ನ ನೆಲದಲ್ಲೇ ಪೂರ್ತಿ ನಾಗರಿಕನಂತೆ ಕಾಣಿಸಿಕೊಳ್ಳದವನು ಒಟ್ಟಿಗೆ ಲೆಫ್ಟಿನೆಂಟ್ ಆಗಿ ಹೊರಬಂದರು. ಇದರ ಬಗ್ಗೆ ಬೇರೆ ಬರೆಯಬೇಕು, ಇಲ್ಲಿ ಜಾಗ ಇಲ್ಲ.

ಆಗಿನ ಪದ್ಧತಿ ಏನೆಂದರೆ, ಸಾರ್ಜೆಂಟ್ ಆಗಿದ್ದವನು ಅಧಿಕಾರಿಯಾದರೆ ಅವನನ್ನು ಹಳೇ ಪಡೆಗೆ ಕಳಿಸುತ್ತಿರಲಿಲ್ಲ. ಕಾರಣ ಸರಿಯಾಗೇ ಇದೆ. ನಿನ್ನೆಯವರೆಗೆ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡಿದವರಿಗೆ ಇವತ್ತು ಆಜ್ಞೆ ಕೊಡುವುದು ಕಷ್ಟ, ಅವರನ್ನು ಸಾವಿನ ಕಡೆ ಕಳಿಸುವುದು ಇನ್ನೂ ಕಷ್ಟ. ಡೆರಿಕ್ ಒಪ್ಪಲಿಲ್ಲ. ಹೋದರೆ 2/48ಕ್ಕೇ. ಅವನ ಪರವಾಗಿ ಗೆಳೆಯರು ಮಾತಾಡಿದರು, ಕೊನೆಗೆ ನಿಯಮ ಸಡಿಲವಾಯಿತು. ಎರಡು ದೊಡ್ಡ ಪದಕ, ನಾಲ್ಕು ವರ್ಷದ ಯುದ್ಧ ಮುಗಿಸಿದ್ದ. ಊರಲ್ಲೇ ಉಳಿದಿದ್ದರೆ ಅವನನ್ನು ಬೆರಳು ಮಾಡಿ ತೋರಿಸುವವರು ಒಬ್ಬರೂ ಇರುತ್ತಿರಲಿಲ್ಲ. ಬೆರಿಲ್ ಮನೆಯಲ್ಲಿದ್ದಳು. ಆದರೂ ಹೋದ.

ಯಾಕೆ? ನನ್ನ ಉತ್ತರ ಇಷ್ಟು. ಅವನಿಗೆ ಯುದ್ಧದ ಹುಚ್ಚಿರಲಿಲ್ಲ, ಕೀರ್ತಿಯ ಆಸೆಯೂ ಅಲ್ಲ, ಕೀರ್ತಿ ಆಗಲೇ ಬಂದಾಗಿತ್ತು. ಗರ್ನಿ, ಗ್ರ್ಯಾಟ್‌ವಿಕ್, ಕಿಬ್ಬಿ ಹೋಗಿದ್ದರು. ಅಲಮೈನ್‌ನಲ್ಲಿ ಉಳಿದ ಬೆರಳೆಣಿಕೆಯ ಹಳಬರು ಇನ್ನೂ ಪಡೆಯಲ್ಲಿದ್ದರು, ಜೊತೆಗೆ ಹೊಸದಾಗಿ ಸೇರಿದ ಎಳೆಯ ಹುಡುಗರು. ಅವರು ಹಡಗು ಹತ್ತುವಾಗ ತಾನು ದಡದಲ್ಲಿ ನಿಲ್ಲುವುದು ಅವನಿಂದ ಆಗದ ಕೆಲಸ. ಸೈನಿಕರ ಮನಸ್ಸು ಬಲ್ಲವರಿಗೆ ಇದು ಹೊಸದಲ್ಲ, ನಮ್ಮ ಕೊಡಗಿನ ಯಾವುದಾದರೂ ಮನೆಯಲ್ಲಿ ನಿವೃತ್ತ ಫೌಜಿಯನ್ನು ಕೇಳಿ ನೋಡಿ, ದೇಶದ ಬಗ್ಗೆ ಎರಡು ಮಾತು ಹೇಳಿ ತನ್ನ ಪಲ್ಟನ್ ಬಗ್ಗೆ ಎರಡು ಗಂಟೆ ಮಾತಾಡುತ್ತಾರೆ.

1945ರ ಮೇ 1ರಂದು ಅವರು ತರಕಾನ್ ದ್ವೀಪದಲ್ಲಿ ಇಳಿದರು. ಬೋರ್ನಿಯೊದ ಪೂರ್ವ ಕರಾವಳಿಯ ಪಕ್ಕದ ಚಿಕ್ಕ ದ್ವೀಪ, ಆಗ ಡಚ್ಚರ ವಸಾಹತು, ಈಗ ಇಂಡೊನೇಷ್ಯಾ. ಎಣ್ಣೆ ಬಾವಿಗಳಿಗೆ ಹೆಸರಾದ ಜಾಗ. ಅವರು ಇಳಿದ ಒಂದು ವಾರಕ್ಕೆ ಯುರೋಪಿನಲ್ಲಿ ಯುದ್ಧವೇ ಮುಗಿಯಿತು. ಲಂಡನ್‌ನಲ್ಲಿ ಜನ ಬೀದಿಯಲ್ಲಿ ಕುಣಿಯುತ್ತಿದ್ದಾಗ ತರಕಾನ್‌ನಲ್ಲಿ ಒಂದೊಂದೇ ಗುಡ್ಡಕ್ಕಾಗಿ ಹೊಡೆದಾಟ ನಡೆದಿತ್ತು. ಮೇಲಿನವರು ಆ ಗುಡ್ಡಗಳಲ್ಲಿ ಕೆಲವಕ್ಕೆ ಹೆಂಗಸರ ಹೆಸರು ಇಟ್ಟಿದ್ದರು. ಡೆರಿಕ್ ಪಾಲಿಗೆ ಬಂದದ್ದು ಫ್ರೀಡಾ.

ಮೇ 22ರ ಹೊತ್ತಿಗೆ ಫ್ರೀಡಾದ ಒಂದು ದಿಬ್ಬವನ್ನು ಅವನ ಪ್ಲಟೂನ್ ಹಿಡಿದುಕೊಂಡಿತ್ತು. ರಾತ್ರಿ ಅಲ್ಲೇ ಮಲಗಿದರು. ಬೆಳಗಿನ ಜಾವ ಸುಮಾರು ಮೂರು ಗಂಟೆಗೆ ಜಪಾನಿ ಲಘು ಮೆಷಿನ್ ಗನ್ ಒಂದು ಅವರ ಕಡೆ ಗುಂಡು ಹಾರಿಸಿತು. ಡೆರಿಕ್ ತಟ್ಟನೆ ಎದ್ದು ಕೂತ. ತನ್ನವರಿಗೆ ಏನಾದರೂ ಆಯಿತಾ ಅಂತ ನೋಡಲು. ಆ ಕ್ಷಣಕ್ಕೇ ಎರಡನೇ ಸುರಿಮಳೆ ಬಂತು, ಸೊಂಟದಿಂದ ಎದೆಯವರೆಗೆ ಐದು ಗುಂಡು ಹೊಕ್ಕವು.

ಮುಗಿಯಿತು ಅಂತ ಅವನಿಗೆ ಆಗಲೇ ಗೊತ್ತಾಯಿತು. ಪಕ್ಕದವನಿಗೆ ನನ್ನ ಕಥೆ ಆಯಿತು, ಬೆರಿಲ್‌ಗೆ ಬರಿ ಅಂದ. ಜಪಾನಿಯರು ಮೇಲೆ ಬೀಳುತ್ತಿದ್ದರು, ಕತ್ತಲಲ್ಲಿ ಕೆಳಗೆ ಒಯ್ಯಲು ಆಗಲಿಲ್ಲ. ಬೇರೆ ಗಾಯಾಳುಗಳನ್ನು ಮೊದಲು ನೋಡಿ ಅಂತ ಹೇಳುತ್ತಲೇ ಇದ್ದ. ಬೆಳಕಾದ ಮೇಲೆ ಸ್ಟ್ರೆಚರ್‌ನಲ್ಲಿ ಕೆಳಗೆ ತಂದರು. ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು ನೋಡಿದರೆ ಯಕೃತ್ತಿನ ಬಹುಭಾಗ ಹರಿದುಹೋಗಿತ್ತು. 1945ರ ಮೇ 24ರಂದು, ಎರಡನೇ ಸಲ ಆಪರೇಷನ್ ಮಾಡುವಾಗ, ಹೋದ. ಮೂವತ್ತೊಂದು ವರ್ಷ. ಮದುವೆಯಾಗಿ ಆರು ವರ್ಷ ತುಂಬಲು ಸರಿಯಾಗಿ ಒಂದು ತಿಂಗಳು ಬಾಕಿ, ಆ ಆರರಲ್ಲಿ ಗಂಡ ಹೆಂಡತಿ ಒಟ್ಟಿಗಿದ್ದ ದಿನ ಎಷ್ಟು ಕಡಿಮೆ ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಯುದ್ಧ ಮುಗಿದದ್ದು ಆಗಸ್ಟ್ 15ಕ್ಕೆ, 83 ದಿನ ಆದ ಮೇಲೆ.

ನಾನು ನೆನಪಿಟ್ಟುಕೊಳ್ಳಿ ಅಂದಿದ್ದ ಅಭ್ಯಾಸ ಇದೇ. ಸ್ಯಾಟಲ್‌ಬರ್ಗ್‌ನಲ್ಲಿ ಪದಕ ತಂದುಕೊಟ್ಟದ್ದೂ ಅದು, ಫ್ರೀಡಾದಲ್ಲಿ ಅವನನ್ನು ಎಬ್ಬಿಸಿ ಕೂರಿಸಿದ್ದೂ ಅದು. ಗುಂಡಿನ ಸದ್ದು ಕೇಳಿದರೆ ನೆಲಕ್ಕೆ ಅಂಟಿಕೊಳ್ಳಬೇಕು, ಇದು ಯಾವ ಸೈನಿಕನಿಗೂ ಮೊದಲ ಪಾಠ. ಐದು ವರ್ಷ ಯುದ್ಧ ಮಾಡಿದವನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಅದಕ್ಕಿಂತ ಮೊದಲು ಬೇರೆಯದು ನೆನಪಾಯಿತು.

ಇನ್ನು ಆ ಕಾಳಗ ಬೇಕಿತ್ತಾ ಅನ್ನುವುದು. ತರಕಾನ್ ಹಿಡಿಯಲು ಕೊಟ್ಟ ಮುಖ್ಯ ಕಾರಣ ಅಲ್ಲಿನ ವಿಮಾನ ನಿಲ್ದಾಣ. ಅದು ಸಿಕ್ಕರೆ ಬೋರ್ನಿಯೊದ ಬೇರೆ ಕಡೆ ಇಳಿಯುವ ಪಡೆಗಳಿಗೆ ಅಲ್ಲಿಂದ ವಿಮಾನಗಳು ಹೋಗಿ ಸಹಾಯ ಮಾಡಬಹುದು ಅನ್ನುವುದು ಯೋಜನೆ. ನಿಲ್ದಾಣ ಮೇ ಮೊದಲ ವಾರದಲ್ಲೇ ಕೈಗೆ ಬಂತು. ಆದರೆ ದಾಳಿಗೆ ಮುಂಚೆ ಹಾಕಿದ ಬಾಂಬುಗಳಿಂದಲೇ ಅದು ಹೊಂಡ ಹೊಂಡವಾಗಿ ಹೋಗಿತ್ತು, ಕೆಳಗೆ ಜವುಗು ನೆಲ, ಎಷ್ಟು ಮಣ್ಣು ತುಂಬಿದರೂ ನೀರು. ಸರಿಪಡಿಸಿ ವಿಮಾನ ಇಳಿಸುವ ಹೊತ್ತಿಗೆ ಜೂನ್ ಕೊನೆಗೆ ಬಂದಿತ್ತು. ಬೋರ್ನಿಯೊದ ಬ್ರೂನೈ ಕಡೆಯ ದಾಳಿ ಜೂನ್ 10ಕ್ಕೇ ಆಗಿಹೋಗಿತ್ತು. ಇನ್ನೂರಕ್ಕೂ ಹೆಚ್ಚು ಆಸ್ಟ್ರೇಲಿಯಾದವರು ಆ ದ್ವೀಪಕ್ಕಾಗಿ ಸತ್ತರು, ಜಪಾನಿಯರ ಕಡೆ ಸಾವಿರಕ್ಕೂ ಜಾಸ್ತಿ.

ಯೋಜನೆ ಮಾಡಿದವರ ಪರವಾಗಿ ಒಂದು ಮಾತು ಹೇಳಬಹುದು. ಏಪ್ರಿಲ್‌ನಲ್ಲಿ ಕೂತು ನಿರ್ಧರಿಸುವಾಗ ಆಗಸ್ಟ್‌ಗೆ ಯುದ್ಧ ಮುಗಿಯುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಇನ್ನೂ ಒಂದೆರಡು ವರ್ಷ ಹಿಡಿಯಬಹುದು ಅಂತಲೇ ಹೆಚ್ಚಿನವರ ಎಣಿಕೆ. ಇದು ನಿಜ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಬೇಕಿರಲಿಲ್ಲ. ಆ ಹೊತ್ತಿಗೆ ಅಮೆರಿಕದ ಮುಖ್ಯ ಸೇನೆ ಉತ್ತರಕ್ಕೆ, ಜಪಾನಿನ ಬಾಗಿಲಿಗೇ ಹೋಗಿತ್ತು. ಬೋರ್ನಿಯೊದಲ್ಲಿದ್ದ ಜಪಾನಿ ಪಡೆಗಳಿಗೆ ಹೊರಗಿನ ಸಂಪರ್ಕವೇ ಕಡಿದಿತ್ತು. ಅವರನ್ನು ಹಾಗೇ ಬಿಟ್ಟಿದ್ದರೂ ಯುದ್ಧದ ಕೊನೆ ಒಂದು ದಿನವೂ ಮುಂದೆ ಹೋಗುತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಈ ಚರ್ಚೆ ಆಗಲೇ ಶುರುವಾಗಿತ್ತು, ಇನ್ನೂ ಮುಗಿದಿಲ್ಲ. ಈ ಮಾತು ಹೇಳಿದರೆ ಸತ್ತವರಿಗೆ ಅವಮಾನ ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಡೆರಿಕ್ ತನ್ನ ಹುಡುಗರಿಗಾಗಿ ಎದ್ದು ಕೂತ, ನಕ್ಷೆಯ ಮೇಲಿನ ವಿಮಾನ ನಿಲ್ದಾಣಕ್ಕಾಗಿ ಅಲ್ಲ. ಯೋಜನೆಯ ತಪ್ಪು ಯೋಜನೆ ಮಾಡಿದವರದು.

ಅವನನ್ನು ಮೊದಲು ತರಕಾನ್‌ನಲ್ಲೇ ಮಣ್ಣು ಮಾಡಿದರು. ಯುದ್ಧವಾದ ಮೇಲೆ ಲಬುವಾನ್ ದ್ವೀಪದ ಯುದ್ಧ ಸಮಾಧಿ ತೋಟಕ್ಕೆ ತಂದರು, ಅದು ಈಗ ಮಲೇಷ್ಯಾದಲ್ಲಿದೆ. 24ನೇ ವಿಭಾಗ, ಎ ಸಾಲು, 9ನೇ ಸಮಾಧಿ. ನೀವು ಯಾವತ್ತಾದರೂ ಆ ಕಡೆ ಹೋದರೆ ಅಲ್ಲೇ ಇನ್ನೊಂದು ಸ್ಮಾರಕವನ್ನೂ ನೋಡಿ. ಆ ಭಾಗದಲ್ಲಿ ಸತ್ತು, ತಮ್ಮ ಧರ್ಮದ ಪ್ರಕಾರ ದಹನವಾದ ಭಾರತೀಯ ಸೈನಿಕರ ಹೆಸರಿನಲ್ಲಿ ನಿಲ್ಲಿಸಿದ್ದು. ಡೆರಿಕ್‌ನ ಪದಕಗಳು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನಲ್ಲಿವೆ.

ನೀವು ನೋಡಿದ ಸೇತುವೆ ತೆರೆದದ್ದು 2008ರಲ್ಲಿ. ದೊಡ್ಡ ದೋಣಿ ಬಂದಾಗ ಅದರ ರಸ್ತೆ ಮೇಲಕ್ಕೆ ಎದ್ದು ದಾರಿ ಬಿಡುತ್ತದೆ. ಮತ್ತೆ ಮಗಳ ಮನೆಗೆ ಹೋದಾಗ ಅವಳನ್ನೂ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತು ಅಲ್ಲಿ ನಿಲ್ಲಿ, ಕೆಳಗೆ ನೀರು ನೋಡಿ. ಕೆಲಸವಿಲ್ಲದ ಹುಡುಗ ಗೆಳೆಯರ ಎದುರು ಧುಮುಕಿ 'ಡೈವರ್' ಅನ್ನಿಸಿಕೊಂಡದ್ದು ಆ ನೀರಿಗೇ.